ಎಳೆಸಿಕೊಳ್ಳುವ ಗಾಲಿಗೆ ಬಾಯಿಲ್ಲ

ಲೋಂಡಾದಲ್ಲಿ ಟೈರು ಮೂರು ಭಾಷೆಯಲ್ಲಿ ಸವೆಯುತ್ತದೆ. ನಮ್ಮ ಡ್ರೈವರ್ ಇಳಿದು ಬಗ್ಗಿ ನೋಡಿ ‘ಸವದೈತ್ರಿ’ ಅಂದ. ಪಕ್ಕದ ಚಹಾದಂಗಡಿಯ ಬೆಂಚಿನ ಮೇಲಿದ್ದವರು ಕೂತಲ್ಲಿಂದಲೇ ‘ಝಿಜಲಾಯ್’ ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟರು. ಪಂಕ್ಚರ್ ಅಂಗಡಿಯ ಚಾಚಾ ಮಾತ್ರ ತಕ್ಷಣ ಏನೂ ಹೇಳಲಿಲ್ಲ. ಕುಕ್ಕುರುಗಾಲಿನಲ್ಲಿ ಕೂತು, ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ ಎಳೆದರು. ಎರಡನೆಯ ಸಲ ಕೈ ಅರ್ಧಕ್ಕೇ ನಿಂತಿತು. ಆಮೇಲೆ ‘ಘಿಸ್ ಗಯಾ’ ಎಂದರು. ಅಷ್ಟನ್ನು ಎಲ್ಲರೂ ಹೇಳಿದ್ದರು. ಅವರ ಮುಂದಿನ ಮಾತು ಬೇರೆ ಯಾರೂ ಹೇಳದ್ದು: ‘ಇದು ಟೈರಿನ ರೋಗ ಅಲ್ಲರಿ ಸಾವ್ಕಾರ್ರ, ಅಚ್ಚಿನ ರೋಗ.’

ಫೆಬ್ರುವರಿ ಕೊನೆಯ ವಾರ. ಖಾನಾಪುರ ತಾಲ್ಲೂಕಿನ ನಮ್ಮ ಹಳೆಯ ಮನೆ ಬಿಚ್ಚಿದ್ದರು. ಅದರ ಹೆಂಚನ್ನು ಲೋಂಡಾ ಮುಂದಿನ ರಾಮನಗರದ ಆಚೆ ಕಾಡಂಚಿನಲ್ಲಿ ಸಂಬಂಧಿಕರು ಕಟ್ಟುತ್ತಿದ್ದ ಮನೆಗೆ ಸಾಗಿಸುತ್ತಿದ್ದೆವು. ಖಾನಾಪುರದ ಕೆಂಪು ಮಣ್ಣಿನ ಹೆಂಚು ಒಂದು ಕಾಲಕ್ಕೆ ಹೆಸರಾದದ್ದು. ಈಗ ಹೊಸದಕ್ಕಿಂತ ಹಳೆಯದನ್ನೇ ಜನ ಹುಡುಕುತ್ತಾರೆ. ಟ್ರ್ಯಾಕ್ಟರು ತಮ್ಮನದು, ನನ್ನ ಚಿಕ್ಕಪ್ಪನ ಮಗ. ಹಿಂದೆ ಇದ್ದದ್ದು ಕಬ್ಬು ಹೇರುವ ಡಬ್ಬಿ. ನಮ್ಮ ಕಡೆ ಟ್ರೇಲರಿಗೆ ಡಬ್ಬಿ ಅನ್ನುವುದು ವಾಡಿಕೆ. ನಾಲ್ಕು ಗಾಲಿ, ಎರಡು ಅಚ್ಚು. ಮುಂದಿನ ಅಚ್ಚು ಟರ್ನ್ ಟೇಬಲ್ ಮೇಲೆ ತಿರುಗುತ್ತದೆ, ಹಿಂದಿನದು ಪಾಟಾಗಳಿಗೆ (ಸ್ಪ್ರಿಂಗ್ ಪಟ್ಟಿಗಳಿಗೆ) ಬಿಗಿದು ಅಲ್ಲಾಡದಂತೆ ಕೂತಿರುತ್ತದೆ. ಅದು ನವೆಂಬರಿನಿಂದ ಕಾರ್ಖಾನೆಗೆ ಕಬ್ಬು ಹೊತ್ತು, ಹಂಗಾಮು ಮುಗಿಯುವ ಹೊತ್ತಿಗೆ ಹೆಂಚಿಗೆ ಬಂದಿತ್ತು. ಲೋಂಡಾ ಊರೊಳಗೆ ಹಿಂದಿನ ಎಡಗಾಲಿ ಉಸಿರು ಬಿಟ್ಟಿತು.

ಟೈರಿನ ಹೊರಮೈ ನೋಡಿದರೆ ಯಾರೂ ತಪ್ಪು ಹೇಳುವಂತಿರಲಿಲ್ಲ. ಬಟನ್ನುಗಳು ಎದ್ದು ನಿಂತಿದ್ದವು. ಬಗ್ಗಿ ಒಳಬದಿ ನೋಡಿದರೆ ಮೂರು ಬೆರಳಗಲ ಪಟ್ಟಿ ಬೋಳು, ಅದರ ಅಂಚಿನಲ್ಲಿ ನೂಲು ಹೊರಗೆ ಇಣುಕುತ್ತಿತ್ತು. ಜನವರಿಯಲ್ಲಿ ಹಾಕಿದ ಹೊಸ ಟೈರು! ಅದಕ್ಕೂ ಮೊದಲು ಅದೇ ಜಾಗದಲ್ಲಿದ್ದ ಟೈರು ಹೀಗೇ ಹೋಗಿತ್ತು. ಆಗ ತಮ್ಮ ‘ಮಾಲು ಖರಾಬು’ ಎಂದು ಬೈದು ಹೊಸದು ತಂದಿದ್ದ. ಎರಡನೆಯದೂ ಹೋದಾಗ ಬೈಯಲು ಯಾರೂ ಉಳಿದಿರಲಿಲ್ಲ.

ಟ್ರೇಲರಿನ ಟೈರು ಕಾರಿನ ಟೈರಿಗಿಂತ ಮೋಸದ್ದು ಅನ್ನಿಸುವುದು ಇಲ್ಲೇ. ಕಾರಿನ ಮುಂದಿನ ಗಾಲಿ ಕೂದಲೆಳೆ ಓರೆಯಾದರೂ ಸ್ಟಿಯರಿಂಗು ಚಾಡಿ ಹೇಳುತ್ತದೆ. ಒಂದು ಕಡೆ ಎಳೆಯುತ್ತದೆ, ಕೈ ನಡುಗಿಸುತ್ತದೆ, ಸೀಟಿನ ಕೆಳಗೆ ಗುಂಯ್‌ಗುಡುತ್ತದೆ. ಎಳೆಸಿಕೊಂಡು ಬರುವ ಗಾಲಿಗೆ ಸ್ಟಿಯರಿಂಗೂ ಇಲ್ಲ, ಇಂಜಿನ್ನಿನ ನಂಟೂ ಇಲ್ಲ. ಅದರ ನೋವು ಹುಕ್ಕಿನ ಪಿನ್ನು ದಾಟಿ ಮುಂದೆ ಬರುವುದೇ ಇಲ್ಲ. ಡ್ರೈವರು ಟ್ರ್ಯಾಕ್ಟರಿನ ಸದ್ದಿನಲ್ಲಿ, ಮೇಲೆ ಹಾಕಿದ ಹಾಡಿನ ಸದ್ದಿನಲ್ಲಿ ಕೂತಿರುತ್ತಾನೆ. ಹಿಂದೆ ಗಾಲಿ ತಿಂಗಳುಗಟ್ಟಲೆ ಅಡ್ಡಕ್ಕೆ ಉಜ್ಜಿಕೊಂಡು ಬಂದರೂ ಗೊತ್ತಾಗುವುದಿಲ್ಲ. ಆ ಗಾಲಿಗೆ ಬಾಯಿಲ್ಲ. ಹೇಳಬೇಕಾದದ್ದನ್ನೆಲ್ಲ ರಬ್ಬರಿನ ಮೇಲೆ ಬರೆದಿಡುತ್ತದೆ. ನಾವು ಓದದೆ ಹರಿದೆಸೆದು ಹೊಸ ಹಾಳೆ ಹಾಕುತ್ತೇವೆ, ಅದು ಮತ್ತೆ ಅದನ್ನೇ ಬರೆಯುತ್ತದೆ.

ಓದುವ ಮೊದಲ ಪಾಠ, ಟೈರು ಬಿಚ್ಚಬಾರದು. ಬಿಚ್ಚಲೇಬೇಕಾದರೆ ಸೀಮೆಸುಣ್ಣದಲ್ಲಿ ಮೂರು ಗುರುತು ಹಾಕಿಕೊಳ್ಳಬೇಕು: ಯಾವ ಗಾಲಿ, ಯಾವುದು ಒಳಮೈ, ಉರುಳುವ ದಿಕ್ಕು ಯಾವುದು. ಜನವರಿಯಲ್ಲಿ ತಮ್ಮ ಹೋಗಿದ್ದ ಅಂಗಡಿಯಲ್ಲಿ (ಯಾವ ಊರಿನದೆಂದು ಬೇಡ) ಸವೆದ ಟೈರನ್ನು ಬಿಚ್ಚಿ, ಡಿಸ್ಕಿನ ಮೇಲೆ ಮಗುಚಿ ಹಾಕಿ, ಸ್ಟೆಪ್ನಿ ಮಾಡಿ ಕಟ್ಟಿಕೊಟ್ಟಿದ್ದರು. ಒಳಮೈ ಹೊರಗಾಯಿತು, ಸಾಕ್ಷಿ ಕಳೆದುಹೋಯಿತು. ಅವರು ಮಾಡಿದ್ದು ಉಪಕಾರವೇ. ಅರ್ಧ ಉಳಿದ ಟೈರನ್ನು ಬಳಸಿಕೊಳ್ಳಲಿ ಎಂದು ಹಾಗೆ ಮಾಡುವುದು ರೂಢಿ. ಆದರೆ ಗಾಯ ತೊಳೆದ ಮೇಲೆ ಪಂಚನಾಮೆ ಮಾಡಿದ ಹಾಗಾಯಿತು.

ಸವೆತದ ಅಕ್ಷರಮಾಲೆಯಲ್ಲಿ ಎಲ್ಲಕ್ಕಿಂತ ಸುಲಭದ್ದು ಹವಾ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಹವಾ ಕಡಿಮೆಯಿದ್ದು ಓಡಿದೆ. ಟೈರು ಹಳೆಯ ಹಾಸಿಗೆಯಂತೆ ನಡುವೆ ತಗ್ಗಿ, ಭಾರವನ್ನೆಲ್ಲ ಅಂಚುಗಳು ಹೊತ್ತಿವೆ. ನಡು ಸವೆದು ಅಂಚು ಉಳಿದಿದ್ದರೆ ಹವಾ ಜಾಸ್ತಿ. ಈ ಎರಡರಲ್ಲಿ ಮೊದಲನೆಯದು ಬರೀ ಸವೆತದ ವಿಷಯವಲ್ಲ. ಕಡಿಮೆ ಹವಾದ ಟೈರು ಪ್ರತಿ ಸುತ್ತಿಗೂ ಪಕ್ಕೆ ಮಡಿಸಿ ಬಿಚ್ಚುತ್ತದೆ, ಆ ಮಡಿಕೆ ಬಿಸಿ ಹುಟ್ಟಿಸುತ್ತದೆ. ಬೇಸಿಗೆಯ ನಡುಹಗಲು ಟೈರುಗಳು ಒಡೆಯುವುದಕ್ಕೆ ಜನ ಬಿಸಿಲನ್ನೂ ಹೆಚ್ಚಾದ ಹವೆಯನ್ನೂ ಬೈಯುತ್ತಾರೆ. ಬಹಳ ಸಲ ಬೈಯಬೇಕಾದದ್ದು ಕಡಿಮೆಯಿದ್ದ ಹವೆಯನ್ನು. ಬಿಸಿಯಾದ ಟೈರಿನಲ್ಲಿ ಮೀಟರು ಹಿಡಿದು ‘ಜಾಸ್ತಿ ಐತಿ’ ಎಂದು ಹವಾ ಬಿಡುವವರು ಇನ್ನೊಂದು ತಪ್ಪು ಸೇರಿಸುತ್ತಾರೆ. 50 ಪಿಎಸ್‌ಐ ಇದ್ದ ಟೈರು ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಎರಡು ಪಿಎಸ್‌ಐ ಆಸುಪಾಸು ಏರುವುದು ಸಹಜ, ಅದು ಲೆಕ್ಕದೊಳಗೇ ಇರುತ್ತದೆ. ಹವಾ ನೋಡುವುದು ಬೆಳಿಗ್ಗೆ, ಗಾಡಿ ಕದಲುವ ಮುಂಚೆ.

ಕಬ್ಬಿನ ಡಬ್ಬಿಯ ಕಷ್ಟ ಇನ್ನೂ ವಿಚಿತ್ರ. ಹೋಗುವಾಗ ಅದರ ಮೈಮೇಲೆ ಮನೆಯೆತ್ತರ ಕಬ್ಬು, ಬರುವಾಗ ಗಾಳಿ. ಹೇರಿಗೆ ಸರಿಯಾದ ಹವಾ ಖಾಲಿ ಡಬ್ಬಿಗೆ ವಿಪರೀತ. ದಪ್ಪ ಪಾಟಾಗಳು ಖಾಲಿ ಭಾರಕ್ಕೆ ಬಗ್ಗುವುದೇ ಇಲ್ಲ, ಗಾಲಿ ನೆಲ ಬಿಟ್ಟು ಕುಣಿಯುತ್ತದೆ. ಖಾಲಿ ಡಬ್ಬಿಗಳು ಗಡಗಡ ಸದ್ದು ಮಾಡುತ್ತ ಮರಳುವುದನ್ನು ಬೆಳಗಾವಿ ಜಿಲ್ಲೆಯವರಿಗೆ ಹೇಳಬೇಕಿಲ್ಲ, ಚಳಿಗಾಲದ ರಾತ್ರಿ ನಿದ್ದೆ ಕೆಡಿಸುವ ಸದ್ದೇ ಅದು. ಗಾಲಿ ಹೀಗೆ ಕುಣಿಕುಣಿದು ಬಿದ್ದ ಕಡೆಯೆಲ್ಲ ಟೈರಿನ ಸುತ್ತ ತಗ್ಗು ಮೂಡುತ್ತದೆ. ಒಂದು ಗೇಣಿಗೆ ಒಂದು ತಗ್ಗು, ಚಮಚೆಯಿಂದ ತೋಡಿದಂತೆ. ಬೇರಿಂಗು ಸಡಿಲವಿದ್ದರೂ, ಪಾಟಾದ ಬುಷ್ ಹೋಗಿದ್ದರೂ, ಗಾಲಿಯ ತೂಕ ಒಂದು ಕಡೆ ಹೆಚ್ಚಿದ್ದರೂ ಅದೇ ತಗ್ಗು. ಅಂದರೆ ಒಂದು ಚಿಹ್ನೆಗೆ ನಾಲ್ಕು ಕಾರಣ. ಅಲ್ಲಿಂದ ಮುಂದೆ ಕಣ್ಣು ಸಾಲದು, ಕೈ ಬೇಕು.

ಚಾಚಾ ಮಾಡಿದ್ದೂ ಅದನ್ನೇ. ಹೆಂಚು ಅರ್ಧ ಇಳಿಸಿ, ಅಚ್ಚಿನ ಕೆಳಗೆ ಜಾಕ್ ಕೊಟ್ಟು, ಗಾಲಿಯನ್ನು ನೆಲದಿಂದ ಎರಡು ಬೆರಳು ಎತ್ತಿದರು. ಒಂದು ಕೈ ಗಾಲಿಯ ನೆತ್ತಿಗೆ, ಒಂದು ಕೈ ಬುಡಕ್ಕೆ. ಮೇಲಿಂದ ತಳ್ಳಿ ಕೆಳಗಿಂದ ಎಳೆದು ಅಲ್ಲಾಡಿಸಿದರು. ಬೇರಿಂಗು ಸವೆದಿದ್ದರೆ ಇಲ್ಲಿ ಟಕ್ಕೆಂದು ಆಟ ಕಾಣಬೇಕು. ಕಾಣಲಿಲ್ಲ. ಗಾಲಿ ತಿರುಗಿಸಿ ಹಬ್ಬಿನ ಮೇಲೆ ಕಿವಿಯಿಟ್ಟರು, ಕರಕರ ಇಲ್ಲ. ಇದು ಬಹಳ ಮುಖ್ಯವಾದ ಹೆಜ್ಜೆ. ಬೇರಿಂಗು ಸಡಿಲವಾದ ಗಾಲಿಯೂ ನೆತ್ತಿ ಒಳಗೆ ಬಾಗಿಸಿ ಒಳ ಅಂಚನ್ನೇ ತಿನ್ನುತ್ತದೆ. ಬಾಗಿದ ಅಚ್ಚಿಗೂ ಸಡಿಲ ಬೇರಿಂಗಿಗೂ ಟೈರು ಬರೆಯುವ ಕೈಬರಹ ಹೆಚ್ಚು ಕಡಿಮೆ ಒಂದೇ. ಆದರೆ ಒಂದರ ಮದ್ದು ಬೇರಿಂಗು ಗ್ರೀಸಿನಲ್ಲಿ ಮುಗಿಯುತ್ತದೆ, ಇನ್ನೊಂದಕ್ಕೆ ಅಚ್ಚನ್ನೇ ಬಿಚ್ಚಬೇಕು.

ಹಬ್ಬಿನ ಆರೋಗ್ಯಕ್ಕೆ ಇನ್ನೂ ಸುಲಭದ ಪರೀಕ್ಷೆಯಿದೆ. ಅದನ್ನು ಅನ್‌ಮೋಡ ಘಾಟಿ ಇಳಿದು ಗೋವಾಕ್ಕೆ ಹೋಗುವ ಲಾರಿಯವರು ಹೇಳದೆಯೇ ಮಾಡುತ್ತಾರೆ. ಚಹಾಕ್ಕೆ ನಿಂತಾಗ ಗಾಲಿಗಳ ಸುತ್ತ ಒಂದು ಸುತ್ತು ಬಂದು, ಪ್ರತಿ ಹಬ್ಬಿಗೂ ಹಿಂಗೈ ತಾಗಿಸುತ್ತಾರೆ. ಎಲ್ಲ ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಅಲ್ಲೇ ಕೇಡಿದೆ. ಹಿಂಗೈಯೇ ಏಕೆ? ಸುಟ್ಟರೆ ಅಂಗೈ ಉಳಿಯುತ್ತದೆ, ಸ್ಟಿಯರಿಂಗು ಹಿಡಿಯಬಹುದು.

ಇನ್ನು ಮೊದಲು ಚಾಚಾರ ಅಂಗೈಯನ್ನು ಅರ್ಧಕ್ಕೇ ನಿಲ್ಲಿಸಿದ ಆ ಗರಗಸ. ಚಾಚಾ ನನ್ನ ಕೈಯನ್ನೇ ಹಿಡಿದು ಟೈರಿನ ಮೇಲಿಟ್ಟರು. ‘ಹಿಂಗ ಒಳಗಿಂದ ಹೊರಗ ಉಜ್ಜರಿ. ಬೆಣ್ಣಿ ಹಂಗೈತಿ? ಈಗ ಹೊರಗಿಂದ ಒಳಗ.’ ಪ್ರತಿ ಬಟನ್ನಿನ ಅಂಚೂ ಬೆರಳಿಗೆ ಕೊಕ್ಕೆ ಹಾಕಿತು. ಗರಗಸದ ಹಲ್ಲುಗಳು ಹೊರಕ್ಕೆ ಮುಖ ಮಾಡಿ ನಿಂತಿದ್ದವು. ಬೆಕ್ಕಿನ ಮೈ ಸವರಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಒರಟು ಇರುತ್ತದಲ್ಲ, ಹಾಗೆ. ಗಾಲಿ ಉರುಳುವ ದಿಕ್ಕಿಗೂ ಗಾಡಿ ಹೋಗುವ ದಿಕ್ಕಿಗೂ ಹೊಂದಿಕೆ ತಪ್ಪಿದಾಗ ಈ ಹಲ್ಲು ಮೂಡುತ್ತವೆ. ಗಾಲಿಯ ಮೂತಿ ಹೊರಕ್ಕೆ ತಿರುಗಿ ರಸ್ತೆಯ ಅಂಚಿಗೆ ಹೊರಟಿರುತ್ತದೆ, ಡಬ್ಬಿ ಅದನ್ನು ನೆಟ್ಟಗೆ ಎಳೆದೊಯ್ಯುತ್ತದೆ. ನಡುವೆ ರಬ್ಬರು ಅರೆಯುತ್ತದೆ. ಹಲ್ಲಿನ ಮೊನೆ ಹೊರಗಿದ್ದರೆ ಗಾಲಿಯ ಮೂತಿ ಹೊರಕ್ಕೆ, ಮೊನೆ ಒಳಗಿದ್ದರೆ ಮೂತಿ ಒಳಕ್ಕೆ.

ಎಷ್ಟು ಅರೆಯುತ್ತದೆ? ಒಂದು ಡಿಗ್ರಿ ಓರೆಯಾದ ಗಾಲಿಯನ್ನು ನೆಟ್ಟಗೆ ಎಳೆದರೆ ಕಿಲೋಮೀಟರಿಗೆ 17 ಮೀಟರಿಗೂ ಹೆಚ್ಚು ಅಡ್ಡಕ್ಕೆ ಉಜ್ಜಬೇಕಾಗುತ್ತದೆ. ಖಾನಾಪುರದಿಂದ ಲೋಂಡಾಕ್ಕೆ ಸುಮಾರು 25 ಕಿಲೋಮೀಟರ್ ಎಂದಿಟ್ಟುಕೊಂಡರೆ ನಾನೂರು ಮೀಟರಿಗೂ ಮೇಲೆ. ಅಂದರೆ ಊರಿಂದ ಹೊರಟು ಇಲ್ಲಿ ಮುಟ್ಟುವಷ್ಟರಲ್ಲಿ, ಹೆಂಚಿನ ಭಾರ ಹೊತ್ತ ಟೈರನ್ನು ಡಾಂಬರಿನ ಮೇಲೆ ಅರ್ಧ ಕಿಲೋಮೀಟರಿನ ಸನಿಹ ಪಕ್ಕಕ್ಕೆ ಉಜ್ಜಿದ ಲೆಕ್ಕ. ಪಕ್ಕದ ಗಾಲಿ ಅದರಲ್ಲಿ ಪಾಲು ಹಂಚಿಕೊಳ್ಳುತ್ತದೆ. ಡಬ್ಬಿ ಸ್ವಲ್ಪ ಓರೆಯಾಗಿ ನಡೆದು ಇಬ್ಬರಿಗೂ ಅರ್ಧರ್ಧ ಮಾಡಿಕೊಡುತ್ತದೆ. ಬಲಗಾಲಿಯ ಮೇಲೂ ಕೈಯಾಡಿಸಿ ನೋಡಿದೆವು. ಅಲ್ಲೂ ಸಣ್ಣ ಹಲ್ಲುಗಳಿದ್ದವು! ತಪ್ಪು ಎಡದವನದು, ದಂಡ ಇಬ್ಬರಿಗೂ. ಯಾವ ಗಾಲಿಯದು ತಪ್ಪು ಎಂದು ಹಲ್ಲುಗಳಷ್ಟರಿಂದಲೇ ಹೇಳಲಾಗದು ಎನ್ನುವುದಕ್ಕೆ ಇದೇ ಕಾರಣ.

ಅಳತೆ ಬೇಕಾಯಿತು. ಬೆಳಗಾವಿಯ ದೊಡ್ಡ ಅಂಗಡಿಗಳಲ್ಲಿ ಅಲೈನ್‌ಮೆಂಟಿಗೆ ಕಂಪ್ಯೂಟರುಗಳಿವೆ, ಕಾರು ನಿಲ್ಲಿಸಿದರೆ ಪರದೆಯ ಮೇಲೆ ಬಣ್ಣಬಣ್ಣದ ಅಂಕಿ ಬರುತ್ತದೆ. ಕಬ್ಬಿನ ಡಬ್ಬಿಯನ್ನು ಅಲ್ಲಿಗೆ ಒಯ್ದವರನ್ನು ನಾನು ಕಂಡಿಲ್ಲ. ಇಲ್ಲಿ ನಡೆದದ್ದು ಸೀಮೆಸುಣ್ಣ, ದಾರ ಮತ್ತು ಟೇಪಿನ ಲೆಕ್ಕ. ಹಿಂದಿನ ಎಡಕ್ಕೆ ಸ್ಟೆಪ್ನಿ ಹಾಕಿ ಜಾಕ್ ಇಳಿಸಿದೆವು. ಎರಡೂ ಹಿಂದಿನ ಗಾಲಿಗಳ ಮುಂಬದಿಯಲ್ಲಿ, ಅಚ್ಚಿನ ಎತ್ತರಕ್ಕೆ, ಟೈರಿನ ನಟ್ಟನಡುವೆ ಒಂದೊಂದು ಗುರುತು. ಗುರುತಿನಿಂದ ಗುರುತಿಗೆ ಟೇಪು ಹಿಡಿದು ಅಳೆದೆವು. ಆಮೇಲೆ ಟ್ರ್ಯಾಕ್ಟರನ್ನು ಮೆಲ್ಲಗೆ ಮುಂದೆ ಬಿಟ್ಟು, ಗಾಲಿ ಅರ್ಧ ಸುತ್ತು ಉರುಳಿ ಅದೇ ಗುರುತುಗಳು ಹಿಂಬದಿಗೆ ಬಂದಾಗ ಮತ್ತೆ ಅಳತೆ. ಗಾಲಿ ಉರುಳಿಸದೆ ಬೇರೆ ಗುರುತು ಹಾಕಿ ಅಳೆದರೆ ಡಿಸ್ಕಿನ ಸೊಟ್ಟವೂ ಲೆಕ್ಕಕ್ಕೆ ಬಂದುಬಿಡುತ್ತದೆ. ಅದೇ ಗುರುತನ್ನು ಹಿಂದಕ್ಕೆ ತಂದರೆ ಬರುವುದಿಲ್ಲ. ಈ ಜಾಣತನ ಯಾವ ಯಂತ್ರದ್ದೂ ಅಲ್ಲ.

ಮುಂದಿನ ಅಳತೆ ಹಿಂದಿನದಕ್ಕಿಂತ ಒಂದು ಬೆರಳಗಲ ಜಾಸ್ತಿ ಬಂತು. ನಮ್ಮ ಡಬ್ಬಿಯದು 9.00-16 ಟೈರು. ಅದರ ಎತ್ತರಕ್ಕೆ ಒಂದು ಬೆರಳಗಲ ಅಂದರೆ ಸರಿಸುಮಾರು ಒಂದು ಡಿಗ್ರಿ. ಗರಗಸ ಸುಳ್ಳು ಹೇಳಿರಲಿಲ್ಲ.

ಎಡವೋ ಬಲವೋ ಎನ್ನುವ ಜಗಳ ಬಗೆಹರಿಸಿದ್ದು ನಮ್ಮ ಜೊತೆಗಿದ್ದ ಗೌಂಡಿ. ಹೆಂಚು ಹೊದಿಸಲು ಹೊರಟಿದ್ದವನು ಅಲ್ಲಿಯವರೆಗೆ ಮರದ ನೆರಳಿನಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದ. ಎದ್ದು ಬಂದು ಚೀಲದಿಂದ ತೂಗುಗುಂಡು ತೆಗೆದು, ಗೋಡೆಗೆ ಹಿಡಿದಂತೆ ಗಾಲಿಯ ಪಕ್ಕ ಹಿಡಿದ. ದಾರದಿಂದ ಡಿಸ್ಕಿನ ಮೇಲಂಚಿಗೆ ಎಷ್ಟು, ಕೆಳಗಿನಂಚಿಗೆ ಎಷ್ಟು ಎಂದು ನೋಡಿದ. ಬಲಗಾಲಿ ಗೋಡೆಯಂತೆ ನೆಟ್ಟಗಿತ್ತು. ಎಡಗಾಲಿಯ ನೆತ್ತಿ ಒಳಕ್ಕೆ ವಾಲಿತ್ತು. ‘ಈ ಗ್ವಾಡಿ ಬೀಳತೈತ್ರಿ’ ಎಂದು ಹೇಳಿ ಮತ್ತೆ ನೆರಳಿಗೆ ಹೋಗಿ ಕೂತ.

ಒಳಕ್ಕೆ ವಾಲಿದ ನೆತ್ತಿ, ಹೊರಕ್ಕೆ ತಿರುಗಿದ ಮೂತಿ. ಎರಡೂ ಕೂಡಿದರೆ ಕಥೆ ಒಂದೇ: ಗಾಲಿ ಆಳದ ಗುಂಡಿಯ ಆಚೆಯಂಚಿಗೆ ಜೋರಾಗಿ ಬಡಿದಿದೆ. ಆ ಪೆಟ್ಟು ಗಾಲಿಯನ್ನು ಹಿಂದಕ್ಕೂ ಮೇಲಕ್ಕೂ ದೂಡುತ್ತದೆ, ಅಚ್ಚಿನ ತುದಿ ಅದೇ ದಿಕ್ಕಿಗೆ ಬಾಗುತ್ತದೆ. ಬರೀ ಭಾರದಿಂದ ಬಾಗಿದ್ದರೆ ಬೇರೆ ತರಹ ಕಾಣುತ್ತಿತ್ತು. ಕಾವಡಿಯನ್ನು ತಲೆಕೆಳಗು ಮಾಡಿ ನೆನೆಸಿಕೊಳ್ಳಿ. ಡಬ್ಬಿಯ ಭಾರ ಪಾಟಾಗಳ ಮೂಲಕ ಅಚ್ಚಿನ ಒಳಭಾಗವನ್ನು ಕೆಳಗೆ ಒತ್ತುತ್ತದೆ, ನೆಲ ಎರಡು ತುದಿಗಳನ್ನು ಮೇಲೆ ಎತ್ತುತ್ತದೆ. ಆಗ ಎರಡೂ ಗಾಲಿಗಳ ನೆತ್ತಿ ಒಳಗೆ ವಾಲಿ, ಎರಡೂ ಕಡೆ ಒಳ ಅಂಚು ಸವೆಯುತ್ತದೆ. ಗರಗಸ ಮಾತ್ರ ಬಹಳ ಇರುವುದಿಲ್ಲ. ವಿದೇಶದಲ್ಲಿ ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರಾವೆಲ್ ಟ್ರೇಲರುಗಳ ಅಚ್ಚನ್ನು ಮೊದಲೇ ನಡುವೆ ಕೊಂಚ ಮೇಲೆ ಬಾಗಿಸಿ ಮಾಡುವುದು ಇದಕ್ಕಾಗಿಯೇ. ಭಾರ ಬಿದ್ದಾಗ ನೆಟ್ಟಗಾಗಲಿ ಎಂದು. ವರ್ಷಗಳ ಭಾರಕ್ಕೆ ಆ ಬಾಗು ಸತ್ತಾಗ ಅಲ್ಲೂ ಒಳ ಅಂಚೇ ಮೊದಲು ಹೋಗುತ್ತದೆ.

ಡ್ರೈವರನ್ನು ಕೇಳಿದೆವು. ಗುಂಡಿಯೇ? ಇಲ್ಲರಿ. ಎಲ್ಲಾದರೂ ದಡ್ ಅಂದಿತ್ತೇ? ಇಲ್ಲರಿ. ಮೂರನೆಯ ಸಲ ತಮ್ಮ ಕೇಳಿದಾಗ ನೆಲ ನೋಡುತ್ತ ಹೇಳಿದ: ಡಿಸೆಂಬರಿನಲ್ಲಿ ಒಂದು ರಾತ್ರಿ, ಕಾರ್ಖಾನೆಯ ಸಾಲಿಗೆ ಬೇಗ ಸೇರಬೇಕೆಂದು ಅವಸರದಲ್ಲಿ, ಎದುರಿನ ಬೆಳಕಿಗೆ ಕಣ್ಣು ಕುಕ್ಕಿ, ಎಡಗಾಲಿ ಮೋರಿಯ ಪಕ್ಕದ ತಗ್ಗಿಗೆ ಇಳಿದಿತ್ತು. ಮೇಲೆ ತುಂಬು ಕಬ್ಬು. ಡಬ್ಬಿ ಉರುಳಲಿಲ್ಲ ಎಂಬ ಸಮಾಧಾನದಲ್ಲಿ ಯಾರಿಗೂ ಹೇಳಿರಲಿಲ್ಲ. ತಮ್ಮ ಬೈಯಲಿಲ್ಲ. ಎರಡು ಟೈರಿನ ದುಡ್ಡು ಲೆಕ್ಕ ಹಾಕುತ್ತಿದ್ದನೇನೋ.

ಹೇರಿನ ವಿಷಯಕ್ಕೆ ಇಲ್ಲೇ ಒಂದು ಮಾತು. ರಸ್ತೆ ಕೆಟ್ಟಿದೆ, ಅದಕ್ಕೆ ಟೈರು ಹಾಳಾಯಿತು ಎನ್ನುತ್ತೇವೆ. ರಸ್ತೆ ಕೆಡಿಸಿದವರು ಯಾರು? 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬೇರೆ ಬೇರೆ ಭಾರದ ಲಾರಿಗಳನ್ನು ರಾತ್ರಿ ಹಗಲು ಓಡಿಸಿ ಒಂದು ದೊಡ್ಡ ಪರೀಕ್ಷೆ ನಡೆಸಿದರು. ಅಲ್ಲಿಂದ ಹೊರಟ ಲೆಕ್ಕವನ್ನು ರಸ್ತೆ ಇಂಜಿನಿಯರುಗಳು ಇಂದಿಗೂ ಹೇಳುತ್ತಾರೆ: ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಹೆಚ್ಚು ಕಡಿಮೆ ಹದಿನಾರು ಪಟ್ಟು. ನಮ್ಮ ಡಬ್ಬಿ ಬಿದ್ದ ತಗ್ಗನ್ನು ತೋಡಿದ್ದರಲ್ಲಿ ನಮ್ಮ ಡಬ್ಬಿಯ ಪಾಲೂ ಇದ್ದೇ ಇರುತ್ತದೆ.

ಅಮೆರಿಕದಲ್ಲಿರುವ ನಮ್ಮ ಕಡೆಯ ಕುಟುಂಬಗಳಲ್ಲಿ ರಜೆಗೆ ಟ್ರಾವೆಲ್ ಟ್ರೇಲರ್ ಕಟ್ಟಿಕೊಂಡು ಹೊರಡುವವರಿದ್ದಾರೆ. ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಪೆಟ್ಟಿಗೆ ಮನೆ, ಕಾರಿನ ಹಿಂದೆ ಎಳೆಸಿಕೊಳ್ಳುವುದು. ಅದಕ್ಕೂ ನಮ್ಮ ಕಬ್ಬಿನ ಡಬ್ಬಿಗೂ ಯಾವ ಹೋಲಿಕೆ ಎನ್ನಬೇಡಿ. ಎರಡೂ ವರ್ಷದಲ್ಲಿ ಬಹುಪಾಲು ನಿಂತಿರುತ್ತವೆ, ಹಂಗಾಮು ಬಂದಾಗ ಒಮ್ಮೆಲೇ ಮೈಮುರಿದು ದುಡಿಯುತ್ತವೆ. ನಿಂತ ಟೈರು ಸವೆಯುವುದಿಲ್ಲ, ಆದರೆ ಮುದಿಯಾಗುತ್ತದೆ. ಬಿಸಿಲಿಗೆ ಪಕ್ಕೆಗಳಲ್ಲಿ ಕೂದಲಿನಂಥ ಬಿರುಕು ಬಿಡುತ್ತದೆ. ಹಾಗಾಗಿ ಅಲ್ಲಿ ಟ್ರೇಲರಿನ ಟೈರನ್ನು ಬಟನ್ ಇದ್ದರೂ ಐದಾರು ವರ್ಷಕ್ಕೆ ಬದಲಿಸಿ ಎನ್ನುತ್ತಾರೆ. ಟೈರಿನ ಪಕ್ಕೆಯಲ್ಲಿ ಅದರ ಜನ್ಮಪತ್ರಿಕೆಯೇ ಇರುತ್ತದೆ: ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 3217 ಎಂದಿದ್ದರೆ 2017ನೇ ಇಸವಿಯ 32ನೇ ವಾರ ಹುಟ್ಟಿದ್ದು. ನಮ್ಮಲ್ಲಿ ಕೊಳ್ಳುವಾಗ ಬೆಲೆ ಕೇಳುವವರು ನೂರು, ಈ ಅಂಕಿ ನೋಡುವವರು ಒಬ್ಬಿಬ್ಬರು. ಕಾನೂನು ಕೇಳುವುದು ಬಟನ್ನಿನ ಆಳವನ್ನು. ಕಾರು ಲಾರಿಗಳಿಗೆ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದು ಎನ್ನುತ್ತದೆ ಕೇಂದ್ರದ ಮೋಟಾರು ವಾಹನ ನಿಯಮ. ಒಳಬದಿ ಬೋಳಾಗಿ ಹೊರಬದಿ ಹೊಸದರಂತಿದ್ದ ನಮ್ಮ ಟೈರನ್ನು ನಿಂತು ನೋಡಿದ ಯಾವ ಪೊಲೀಸನೂ ಪಾಸು ಮಾಡುತ್ತಿದ್ದ.

ಅಲ್ಲಿಯ ಟ್ರೇಲರಿಗೆ ಇನ್ನೊಂದು ರೋಗವಿದೆ. ದೊಡ್ಡವುಗಳಿಗೆ ಎರಡು ಅಚ್ಚು ಒಂದರ ಹಿಂದೆ ಒಂದು ಅಂಟಿಕೊಂಡಂತೆ ಇರುತ್ತವೆ, ಯಾವುದೂ ತಿರುಗುವುದಿಲ್ಲ. ಬಿಗಿಯಾದ ತಿರುವಿನಲ್ಲಿ ಎರಡೂ ಜೋಡಿ ಗಾಲಿಗಳು ಬೇರೆ ಬೇರೆ ಕಡೆಗೆ ಹೋಗಬೇಕೆನ್ನುತ್ತವೆ, ಟೈರುಗಳು ಕಣ್ಣೆದುರೇ ಸೊಟ್ಟಗಾಗಿ ನೆಲ ಉಜ್ಜುತ್ತವೆ. ಅದು ಅವುಗಳ ಹುಟ್ಟುಗುಣ. ಆದರೆ ಎರಡು ಅಚ್ಚುಗಳು ಒಂದಕ್ಕೊಂದು ಸಮಾನಾಂತರ ತಪ್ಪಿದ್ದರೆ ನೇರ ರಸ್ತೆಯಲ್ಲೂ ಉಜ್ಜಾಟವೇ. ಪರೀಕ್ಷೆಗೆ ಹುಕ್ಕಿನ ಪಿನ್ನಿನಿಂದ ಅಚ್ಚಿನ ಎಡತುದಿಗೆ ಒಂದು ದಾರ, ಬಲತುದಿಗೆ ಒಂದು ದಾರ. ಎರಡೂ ಒಂದೇ ಉದ್ದ ಇರಬೇಕು, ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನಪಡಬೇಕು. ನಮ್ಮ ಡಬ್ಬಿಯಲ್ಲಿ ಯು-ಬೋಲ್ಟ್ ಸಡಿಲಾಗಿ, ಪಾಟಾದ ಸೆಂಟರ್ ಬೋಲ್ಟ್ ತುಂಡಾದರೆ ಹಿಂದಿನ ಅಚ್ಚು ಒಂದು ಕಡೆ ಜಾರುತ್ತದೆ. ಹಿಂದೆ ಬೈಕಿನಲ್ಲಿ ಬರುವವನಿಗೆ ಡಬ್ಬಿ ಏಡಿಯಂತೆ ಓರೆಯಾಗಿ ನಡೆಯುವುದು ಕಾಣುತ್ತದೆ, ಡ್ರೈವರಿಗೆ ಕಾಣುವುದಿಲ್ಲ. ವಿಚಿತ್ರವೆಂದರೆ ಎರಡೂ ಗಾಲಿ ಒಂದೇ ದಿಕ್ಕಿಗೆ ಓರೆಯಾದಾಗ ಡಬ್ಬಿಯೇ ಓರೆಯಾಗಿ ನಡೆದು ಹೊಂದಿಸಿಕೊಳ್ಳುತ್ತದೆ, ಟೈರು ಅಷ್ಟಾಗಿ ಸವೆಯುವುದಿಲ್ಲ. ನೋಡುವವರಿಗೆ ಭಯ ಹುಟ್ಟಿಸುವ ತಪ್ಪು ಟೈರಿಗೆ ಸಣ್ಣದು, ಕಣ್ಣಿಗೇ ಬೀಳದ ಬೆರಳಗಲ ಬಾಗು ಟೈರಿಗೆ ಯಮ.

ಚಕ್ಕಡಿ ಕಾಲದಲ್ಲಿ ಇದೆಲ್ಲ ಬಡಿಗೇರರ ತಲೆಯಲ್ಲಿತ್ತು. ಕಬ್ಬಿಣದ ಹಳಿ ಕಾಯಿಸಿ ಮರದ ಗಾಲಿಗೆ ತೊಡಿಸಿ, ನೀರು ಹುಯ್ದು ಬಿಗಿಮಾಡುವವರು ಗಾಲಿ ಅಚ್ಚಿನ ಮೇಲೆ ಎಷ್ಟು ಓರೆ ಕೂರಬೇಕೆಂದು ಕಣ್ಣಳತೆಯಲ್ಲಿ ಹೇಳುತ್ತಿದ್ದರು. 1888ರಲ್ಲಿ ಬೆಲ್‌ಫಾಸ್ಟಿನ ದನದ ಡಾಕ್ಟರು ಜಾನ್ ಬಾಯ್ಡ್ ಡನ್ಲಪ್ ಹವಾ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಎತ್ತಿನ ಗಾಡಿಗೂ ಅಂಥ ಟೈರು ಬಂದ ಮೇಲೆ ಅದಕ್ಕೆ ಜನ ಇಟ್ಟ ಹೆಸರು ಡನ್ಲಪ್ ಗಾಡಿ. ದನದ ಡಾಕ್ಟರ ಹೆಸರು ಕೊನೆಗೆ ಎತ್ತುಗಳ ಹಿಂದೆಯೇ ಬಂದು ನಿಂತದ್ದು ನನಗೆ ಯಾವಾಗಲೂ ಇಷ್ಟದ ಸಂಗತಿ.

ಸಂಜೆಯ ಹೊತ್ತಿಗೆ ಅಚ್ಚು ಬಿಚ್ಚಿ ಹೊರಗಿಟ್ಟಿದ್ದೆವು. ಕಾಯಿಸಿ ಬಡಿದು ನೆಟ್ಟಗೆ ಮಾಡಿಕೊಡುವವರು ಹತ್ತಿರದಲ್ಲೇ ಇದ್ದಾರೆ ಎಂದ ತಮ್ಮ. ಚಾಚಾ ಒಪ್ಪಲಿಲ್ಲ. ‘ಒಮ್ಮೆ ಬಾಗಿದ್ದು ಕಾಯಿಸಿದ್ರ ಮೆತ್ತಗ ಆಕೈತಿ. ಮತ್ತ ಅಲ್ಲೇ ಬಾಗತೈತಿ, ಇಲ್ಲಾ ಅಲ್ಲೇ ಮುರಿತೈತಿ.’ ನನಗೂ ಅದೇ ಸರಿಯೆನಿಸಿತು. ಬೇರಿಂಗು ಕೂರುವ ಮೂಲೆ ಅಚ್ಚಿನಲ್ಲಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವ ಜಾಗ, ಬಿರುಕು ಶುರುವಾಗುವುದೂ ಅಲ್ಲೇ. ಬೆಳಗಾವಿಯ ಖಾನಾಪುರ ರಸ್ತೆಯ ಉದ್ಯಮಬಾಗದಲ್ಲಿ ಲೇಥು ಫೌಂಡ್ರಿಗಳಿಗೆ ಬರವಿಲ್ಲ. ಹೊಸ ಸರಳು ತಿರುವಿಸಿ ತರುವುದೇ ಸರಿ ಎಂದಾಯಿತು. ಅಚ್ಚು ಒಯ್ಯುವ ಪಿಕಪ್ ಬರುವುದು ಬೆಳಿಗ್ಗೆ.

ರಾತ್ರಿ ಕಳೆಯಲು ಸ್ಟೇಷನ್ನಿಗೆ ಹೋದೆವು. ಲೋಂಡಾ ಊರು ಬೆಳೆದದ್ದೇ ಈ ಜಂಕ್ಷನ್ನಿನ ಸುತ್ತ. ಬೆಳಗಾವಿಯ ದಾರಿ, ಧಾರವಾಡದ ದಾರಿ, ಕ್ಯಾಸಲ್‌ರಾಕ್ ಮೇಲೆ ಗೋವಾದ ದಾರಿ, ಮೂರೂ ಇಲ್ಲಿ ಕೂಡುತ್ತವೆ. ಕ್ಯಾಸಲ್‌ರಾಕಿನಿಂದ ಕುಳೆಮ್‌ವರೆಗಿನ ಘಾಟಿಯಲ್ಲಿ ಏರು 37ಕ್ಕೆ 1. ಹತ್ತುವ ಗಾಡಿಗಳಿಗೆ ಹಿಂದಿನಿಂದ ತಳ್ಳಲು ಬೇರೆ ಇಂಜಿನ್ನುಗಳೇ ಬೇಕು. ಅಲ್ಲಿಯ ತಿರುವುಗಳು ಉಕ್ಕಿನ ಗಾಲಿಯ ಅಂಚನ್ನೂ ತಿನ್ನುತ್ತವೆ. ರೈಲಿನ ಎರಡು ಗಾಲಿಗಳು ಒಂದೇ ಅಚ್ಚಿಗೆ ಬಿಗಿದು ಒಟ್ಟಿಗೇ ತಿರುಗುತ್ತವೆ. ತಿರುವಿನಲ್ಲಿ ಹೊರಗಿನದು ಹೆಚ್ಚು ದೂರ ಓಡಬೇಕಲ್ಲ? ಅದಕ್ಕೇ ಗಾಲಿಯ ಮೈಯನ್ನು 20ಕ್ಕೆ 1ರಂತೆ ಇಳಿಜಾರು ಮಾಡಿರುತ್ತಾರೆ. ಅಚ್ಚು ಒಂದಿಷ್ಟು ಹೊರಕ್ಕೆ ಸರಿದರೆ ಹೊರಗಾಲಿ ದೊಡ್ಡದಾಗಿ, ಒಳಗಾಲಿ ಸಣ್ಣದಾಗಿ ಉರುಳುತ್ತದೆ. ತಿರುವು ತೀರ ಬಿಗಿಯಾದರೆ ಈ ಉಪಾಯ ಸಾಲದು, ಅಂಚು ಹಳಿಗೆ ಒರಗಿ ಅರೆಯುತ್ತದೆ. ಸವೆದ ಗಾಲಿಯನ್ನು ಎಸೆಯುವುದಿಲ್ಲ, ಲೇಥಿಗೆ ಕೊಟ್ಟು ಮತ್ತೆ ಆಕಾರಕ್ಕೆ ತರುತ್ತಾರೆ. ಬ್ರೇಕು ಹಿಡಿದು ಗಾಲಿ ತಿರುಗದೆ ಜಾರಿದರೆ ಒಂದು ಕಡೆ ಚಪ್ಪಟೆಯಾಗುತ್ತದೆ. ಆಮೇಲೆ ಸುತ್ತಿಗೊಂದು ಟಪ್. ಗಾಡಿ ಸ್ಟೇಷನ್ನಿಗೆ ಬರುವಾಗ ರೈಲ್ವೆಯವರು ಪಕ್ಕದಲ್ಲಿ ನಿಂತು ಒಂದೊಂದೇ ಗಾಲಿ ನೋಡುವ, ಕೇಳುವ ಪದ್ಧತಿಯೇ ಇದೆ. ಎಳೆಸಿಕೊಳ್ಳುವ ಗಾಲಿಗೆ ಕಿವಿಕೊಡಲು ಸಂಬಳದವರು!

ಹನ್ನೊಂದರ ಮೇಲೆ ಘಾಟಿ ಕಡೆಯಿಂದ ಒಂದು ಗೂಡ್ಸು ಬಂತು. ಇಂಜಿನ್ನು ದಾಟಿತು, ಡಬ್ಬಿಗಳು ಒಂದರ ಹಿಂದೊಂದು ಬಂದವು. ಚಹಾದ ಲೋಟ ಹಿಡಿದಿದ್ದ ತಮ್ಮ ಬೆರಳೆತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದ. ಟಪ್. ಟಪ್. ಟಪ್.

‘ಏಳನೇ ಡಬ್ಬಿ, ಅಣ್ಣಾ’ ಎಂದ.

‘ಎಂಟ್ರಿ’ ಎಂದ ಡ್ರೈವರ್. ಮಧ್ಯಾಹ್ನದಿಂದ ಅವನು ಆಡಿದ ಮೊದಲ ಮಾತು ಅದು.